ಒಂಬತ್ತು ಚೀಟಿಗಳ ಯೆಲ್ಪಿದಿಫೋರ್

ಕ್ರುತೊಗೋರ್ಯೆ ಪಟ್ಟಣದ ಸಾರ್ವಜನಿಕ ಸ್ನಾನಗೃಹಕ್ಕೆ ಇಪ್ಪತ್ತೊಂಬತ್ತು ವರ್ಷ ಮುಖ್ಯಸ್ಥನಾಗಿದ್ದ ಯೆಲ್ಪಿದಿಫೋರ್ ನಿಕೋನೊವಿಚ್, ನಿವೃತ್ತನಾದ ಮೇಲೆ, ತನ್ನ ಬದುಕಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದು ಏನಿದೆ ಎಂದು ಒಂದು ವಾರ ಕೂತು ಯೋಚಿಸಿದ. ಬಿಸಿನೀರಿನ ಕೊಳವೆಗಳಿದ್ದವು, ಅವನ್ನು ಹಾಕಿಸಿದವನು ಅವನಲ್ಲ. ಇಡೀ ಊರಿನ ಬೆನ್ನುಗಳನ್ನು ಕಂಡಿದ್ದ. ಅದನ್ನು ಸಭೆಯಲ್ಲಿ ಹೇಳುವಂತಿಲ್ಲ. ಕೊನೆಗೆ ಉಳಿದದ್ದು ಹೆಸರೊಂದೇ. ಅದನ್ನೂ ಅವನು ಸಂಪಾದಿಸಿರಲಿಲ್ಲ. ಆದರೆ ಅವನ ಯೋಚನೆ ಅಷ್ಟು ದೂರ ಹೋಗಲಿಲ್ಲ.

ಊರಿನಲ್ಲಿ ನಿಕೊಲಾಯ್‌ಗಳು ಬೀದಿಗೆ ಹತ್ತು. ಸೆರ್ಗೇಯ್ ಎಂದು ಕೂಗಿದರೆ ಅರ್ಧ ಮಾರುಕಟ್ಟೆ ತಿರುಗಿ ನೋಡುತ್ತದೆ. ಯೆಲ್ಪಿದಿಫೋರ್ ಮಾತ್ರ ಒಬ್ಬನೇ. ಇದು ತನ್ನ ಹಿರಿಮೆ ಎಂದು ಅವನು ತೀರ್ಮಾನಿಸಿದ. ಮಿಕ್ಕವರು ತಪ್ಪಿಸಿಕೊಂಡಿದ್ದಾರೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಗ್ರಂಥಾಲಯದಲ್ಲಿ ಉಪನ್ಯಾಸ ಕೊಟ್ಟ. ವಿಷಯ: ‘ಯೆಲ್ಪಿದಿಫೋರ್ ಎಂಬ ಹೆಸರಿನ ಮೂಲ ಮತ್ತು ಪ್ರಸಾರ’. ಹೊರಗೆ ಮಳೆ, ಒಳಗೆ ಚಹಾ ಮತ್ತು ಎಲೆಕೋಸಿನ ಹೂರಣ ತುಂಬಿ ಬೇಯಿಸಿದ ಪಿರೋಗ್ ಇದ್ದುದರಿಂದ ಹನ್ನೊಂದು ಜನ ಬಂದರು. ಗ್ರೀಕರ ಭಾಷೆಯಲ್ಲಿ ಈ ಹೆಸರಿಗೆ ‘ಭರವಸೆಯನ್ನು ಹೊತ್ತು ತರುವವನು’ ಎಂಬ ಅರ್ಥವಿದೆ, ಪರ್ಷಿಯಾದಲ್ಲಿ ದೇವರಿಗಾಗಿ ಪ್ರಾಣ ಕೊಟ್ಟ ಸಂತನೊಬ್ಬನಿಗೆ ಈ ಹೆಸರಿತ್ತು ಎಂದ. ಇಲ್ಲಿಯವರೆಗೆ ನಿಜ. ಆಮೇಲೆ ಹೆಸರು ಬಿಜಾಂಟಿಯಂ ಅರಮನೆಯಿಂದ ಹೊರಟು, ರಾಜಕುಮಾರರ ಜೊತೆ ಕುದುರೆ ಏರಿ, ವೆತ್ಲುಗಾ ನದಿ ದಾಟಿ, ನೇರವಾಗಿ ತನ್ನ ಮುತ್ತಜ್ಜನ ಅಂಗಳಕ್ಕೆ ಬಂದಿಳಿಯಿತು ಎಂದ. ಇದನ್ನು ಎಲ್ಲಿ ಓದಿದಿರಿ ಎಂದು ಗ್ರಂಥಪಾಲಕಿ ಕೇಳಿದಳು.

“ಕೆಲವನ್ನ ಓದಬೇಕಾಗಿಲ್ಲಮ್ಮ, ರಕ್ತದಲ್ಲೇ ಇರುತ್ತೆ.”

ರಕ್ತದಲ್ಲಿ ಇದ್ದದ್ದು ಬೇರೆ. ಅವನು ಹುಟ್ಟಿದ್ದು ನವೆಂಬರ್ ಹದಿನೈದರಂದು. ಆ ದಿನಕ್ಕೆ ಸಂತರ ಪಂಚಾಂಗದಲ್ಲಿ ಐದು ಹೆಸರು: ಅಕಿಂದಿನ್, ಪಿಗಾಸಿ, ಅಫ್ಫೋನಿ, ಯೆಲ್ಪಿದಿಫೋರ್, ಅನೆಂಪೊದಿಸ್ತ್. ಅವನ ಅಜ್ಜಿ ಕನ್ನಡಕ ಹಾಕಿಕೊಂಡು ಐದನ್ನೂ ಎರಡೆರಡು ಸಲ ಓದಿ, ಪಕ್ಕದ ಪುಟಕ್ಕೆ ಏನಾದರೂ ಜಾರಿದೆಯೇ ಎಂದು ತಿರುವಿ ನೋಡಿ, ಕೊನೆಗೆ ನಿಟ್ಟುಸಿರು ಬಿಟ್ಟು, “ಇರೋದ್ರಲ್ಲಿ ಇದೇ ವಾಸಿ” ಎಂದಿದ್ದಳು. ಹೆಸರಿನ ಮೂಲ ಇಷ್ಟೇ. ಉಪನ್ಯಾಸದಲ್ಲಿ ಅಜ್ಜಿಗೆ ಜಾಗ ಸಿಗಲಿಲ್ಲ.

ಇನ್ನು ಪ್ರಸಾರ. ಅದರ ಭಾರವನ್ನು ಈವರೆಗೆ ಹೊತ್ತವಳು ಮಗಳು ಲ್ಯುಬಾ ಒಬ್ಬಳೇ. ಅವಳು ಒಂದನೇ ತರಗತಿಯ ಉಪಾಧ್ಯಾಯಿನಿ. ಮಕ್ಕಳು ಅವಳನ್ನು ತಂದೆಯ ಹೆಸರು ಸೇರಿಸಿ ಲ್ಯುಬೋವ್ ಯೆಲ್ಪಿದಿಫೋರೊವ್ನಾ ಎಂದೇ ಕರೆಯಬೇಕು. ಅಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಮಕ್ಕಳಿಗೆ ತಾವು ಏನು ಕೇಳಬೇಕೆಂದಿದ್ದೆವು ಎನ್ನುವುದು ಮರೆತಿರುತ್ತಿತ್ತು; ಒಂದಕ್ಕೆ ಹೋಗಲು ಅಪ್ಪಣೆ ಕೇಳಬೇಕಾದವರ ಪಾಡು ಇನ್ನೂ ಕಷ್ಟ.

ಉಪನ್ಯಾಸ ಮುಗಿದ ಮೇಲೆ ಯೆಲ್ಪಿದಿಫೋರ್ ಊರಿನ ಬಸುರಿಯರನ್ನೆಲ್ಲ ಲೆಕ್ಕ ಹಾಕಿಕೊಂಡು ಅವರವರ ಗೇಟಿನ ಮುಂದೆ ನಿಲ್ಲತೊಡಗಿದ. “ಗಂಡಾದ್ರೆ ನನ್ನ ಹೆಸರು ಮರೀಬೇಡಿ” ಎನ್ನುವನು. ಆದರೆ ಅವನ ನಿಜವಾದ ಕಣ್ಣಿದ್ದದ್ದು ತನ್ನ ಮಗಳ ಹೊಟ್ಟೆಯ ಮೇಲೆ. ಲ್ಯುಬಾ ಹೆತ್ತದ್ದು ಗಂಡುಮಗುವನ್ನು, ಅದೂ ನವೆಂಬರ್ ಹದಿನೈದರಂದೇ.

“ನೋಡಿದ್ಯಾ? ಅದೇ ದಿನ! ಪಂಚಾಂಗಾನೇ ಹೇಳ್ತಿದೆ” ಎಂದು ತೊಟ್ಟಿಲ ಮೇಲೆ ಬಗ್ಗಿದ.

“ಪಂಚಾಂಗ ಐದು ಹೆಸರು ಹೇಳ್ತಿದೆ ಅಪ್ಪಾ. ಅನೆಂಪೊದಿಸ್ತ್ ಅಂತ ಇಡ್ಲಾ?”

“ತಮಾಷೆ ಬಿಡು. ಪುಟ್ಟ ಯೆಲ್ಪಿದಿಫೋರ್ ನಗ್ತಿದಾನೆ ನೋಡು.”

“ನಗ್ತಿಲ್ಲ, ಹೊಟ್ಟೇಲಿ ಗಾಳಿ ತುಂಬಿದೆ.”

ಮುದುಕ ಅಳಿಯನ ಕಡೆ ತಿರುಗಿದ. “ಕೋಸ್ತ್ಯಾ, ನೀನಾದ್ರೂ ಹೇಳು.”

“ನಾನು ಬ್ರೆಡ್ ವ್ಯಾನ್ ಓಡಿಸೋನು ಮಾವ” ಎಂದು ಕೋಸ್ತ್ಯಾ ಗಂಜಿಯ ತಟ್ಟೆಯೊಳಗೆ ಮುಖ ಇಳಿಸಿದ.

ಲ್ಯುಬಾ ಎದ್ದು ಕೂತಳು. “ಸರಿ, ಕೇಳಪ್ಪಾ. ಆ ಹೆಸರಿಗೆ ಅಷ್ಟು ಮರ್ಯಾದೆ ಇದ್ರೆ ಈ ಊರಲ್ಲಿ ಇನ್ನೊಬ್ಬನಾದ್ರೂ ಇರ್ಬೇಕಲ್ಲ? ಉಸಿರಾಡ್ತಿರೋ ಒಬ್ಬನೇ ಒಬ್ಬ ಯೆಲ್ಪಿದಿಫೋರ್‌ನ ನನ್ನ ಮುಂದೆ ಕರ್ಕೊಂಡು ಬಾ. ಅವತ್ತೇ ಬರೆಸ್ತೀನಿ. ಇಲ್ದಿದ್ರೆ ನನಗೆ ಬೇಕಾದ ಹೆಸರು.”

ನೋಂದಣಿ ಕಚೇರಿಯ ಗಡುವು ಒಂದು ತಿಂಗಳು. ಮುದುಕ ಒಪ್ಪಿದ.

ಮುಂದಿನ ಭಾನುವಾರ ಹೆಂಡತಿ ರಯೀಸಾ ಅವನನ್ನು ಎಂದಿನಂತೆ ಚರ್ಚಿಗೆ ಎಳೆದುಕೊಂಡು ಹೋದಳು. ಅಲ್ಲಿ ಮೇಣದಬತ್ತಿ ಮಾರುವ ಮೇಜಿನ ಬಳಿ ಜನ ತಮ್ಮವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಪಾದ್ರಿ ಅವನ್ನು ಗಟ್ಟಿಯಾಗಿ ಓದಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ಯೆಲ್ಪಿದಿಫೋರ್ ನಿಂತಲ್ಲೇ ತೂಕಡಿಸುತ್ತ, ರಯೀಸಾಳ ಚೀಟಿಯಿಂದ ತನ್ನ ಹೆಸರು ಒಂದು ಸಲ ಬರುವುದನ್ನು ಕೇಳಿ ತೃಪ್ತನಾಗಿ ಮತ್ತೆ ಕಣ್ಣು ಮುಚ್ಚುತ್ತಿದ್ದ. ಅಂದು ಎರಡನೆಯ ಸಲ ಬಂತು. ಮೂರನೆಯ ಸಲವೂ ಬಂತು. ಐದನೆಯದಕ್ಕೆ ಲೆಯೋಂತಿ ಪಾದ್ರಿ ನಾಲಿಗೆ ತೊಡರಿ, ಕನ್ನಡಕದ ಮೇಲಿನಿಂದ ಸಭೆಯನ್ನೊಮ್ಮೆ ನೋಡಿದರು. ಒಟ್ಟು ಏಳು.

“ಏಳು! ಒಂದು ನಂದು. ಅಂದ್ರೆ ಇನ್ನೂ ಆರು ಜನ ಇದಾರೆ!” ಎಂದ ಮೆಟ್ಟಿಲಿಳಿಯುವಾಗ.

“ಮೆತ್ತಗೆ ನಡಿ ಮುದುಕಾ, ಹಿಮ ಜಾರುತ್ತೆ” ಎಂದಳು ರಯೀಸಾ. ಅವಳು ಅವನ ಮುಖ ನೋಡಲಿಲ್ಲ.

ಸೋಮವಾರದಿಂದ ಬೇಟೆ ಶುರುವಾಯಿತು. ಅಂಚೆ ಕಚೇರಿಯಲ್ಲಿ ಕೇಳಿದ, ಆಸ್ಪತ್ರೆಯಲ್ಲಿ ಕೇಳಿದ, ಗರಗಸದ ಕಾರ್ಖಾನೆಯ ಬಾಗಿಲಲ್ಲಿ ನಿಂತು ಪಾಳಿ ಮುಗಿಸಿ ಬಂದವರನ್ನೆಲ್ಲ ಕೇಳಿದ. ಒಬ್ಬನೂ ಸಿಗಲಿಲ್ಲ. ಇಂಥ ಘನವಾದ ಹೆಸರನ್ನು ಹೊತ್ತವರು ಸಂಕೋಚದಿಂದ ಮನೆಯೊಳಗೇ ಇರುತ್ತಾರೆ ಎಂದುಕೊಂಡ. ತಾನು ಮಾತ್ರ ಯಾಕೆ ದಿನವಿಡೀ ಬೀದಿಯಲ್ಲಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಗುರುವಾರ ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ದಾಖಲೆ ಭಂಡಾರಕ್ಕೇ ಹೋದ. ಅಲ್ಲಿ, ಧೂಳಿನ ಕಟ್ಟೊಂದರಲ್ಲಿ, ಕೊನೆಗೂ ಒಬ್ಬ ಯೆಲ್ಪಿದಿಫೋರ್ ಸಿಕ್ಕ: ಪೂಜೆಯ ದ್ರಾಕ್ಷಾರಸವನ್ನು ಪೂಜೆಗೆ ಮುಂಚೆಯೇ ಕುಡಿದು ಕೆಲಸ ಕಳೆದುಕೊಂಡ ಉಪಪಾದ್ರಿ, ಕಾಲ ಇನ್ನೂರು ವರ್ಷದ ಹಿಂದೆ. ತನ್ನ ಪುಸ್ತಕದಲ್ಲಿ ‘ಧರ್ಮಸೇವಕ’ ಎಂದಷ್ಟೇ ಬರೆದುಕೊಂಡು ಹಿಂತಿರುಗಿದ.

ಮರು ಭಾನುವಾರ ಪೂಜೆಗೆ ಒಂದು ಗಂಟೆ ಮುಂಚೆಯೇ ಹೋಗಿ ಮೇಣದಬತ್ತಿ ಮೇಜಿನ ಪಕ್ಕದ ಕಂಬಕ್ಕೆ ಮರೆಯಾಗಿ ನಿಂತ. ಔಷಧಿ ಅಂಗಡಿಯ ನಾದ್ಯಾ ಬಂದಳು, ಪೆನ್ಸಿಲ್ ಎತ್ತಿಕೊಂಡು ಬರೆಯತೊಡಗಿದಳು. ಅವಳ ಭುಜದ ಮೇಲಿನಿಂದ ಓದಿದವನೇ ಹಾರಿದ.

“ಸಿಕ್ಕಿಬಿದ್ದೆ ನಾದ್ಯಾ! ನಿಮ್ಮನೇಲಿ ಯಾರಮ್ಮ ಯೆಲ್ಪಿದಿಫೋರ್?”

ನಾದ್ಯಾ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿದಳು. ಅವಳ ಹಿಂದೆ ನಿಂತಿದ್ದ ತೀಖೊನ್, ಯೆಲ್ಪಿದಿಫೋರನ ಡಾಮಿನೋ ಆಟದ ಜೊತೆಗಾರ, ತನ್ನ ಚೀಟಿಯನ್ನು ಟೋಪಿಯೊಳಗೆ ತೂರಿಸಿದ.

“ಹೇಳಿಬಿಡಮ್ಮ. ದೇವರ ಮನೇಲಿ ನಿಂತು ಯಾಕೆ ಒದ್ದಾಡ್ತೀಯ” ಎಂದಳು ಮೇಣದಬತ್ತಿ ಮಾರುವ ಗ್ಲಫೀರಾ. ಪಾದ್ರಿಗೂ ಹೆದರದ ಹೆಂಗಸು. “ಎಲ್ಲಾ ನಿಮ್ಮ ಹೆಸರೇ ಕಣಯ್ಯಾ, ಯೆಲ್ಪಿದಿಫೋರ್ ನಿಕೋನೊವಿಚ್.”

“ನನಗಾ? ನನ್ನ ಆರೋಗ್ಯಕ್ಕಾ?” ಅವನ ಎದೆ ಉಬ್ಬಿತು.

“ಬುದ್ಧಿ ಬರಲಿ ಅಂತ.”

ಎದೆ ಉಬ್ಬಿದ್ದು ಉಬ್ಬಿದಂತೆಯೇ ನಿಂತಿತು. ಈಗ ನಾದ್ಯಾಳಿಗೂ ಬಾಯಿ ಬಂತು. “ನನ್ನ ಸೊಸೆಗೆ ಏಳು ತಿಂಗಳು. ಮೂರು ಸಲ ಬಂದು ಗೇಟ್ ಹಿಡ್ಕೊಂಡು ನಿಂತ್ರಿ. ಈಗವಳು ಹಿತ್ತಿಲ ಬೇಲಿ ದಾಟಿ ಓಡಾಡ್ತಿದಾಳೆ, ಆ ಹೊಟ್ಟೆ ಹೊತ್ಕೊಂಡು!”

“ನಾನು ಬರೋದು ಡಾಮಿನೋ ಆಡೋಕೆ. ಎರಡು ತಿಂಗಳಾಯ್ತು ಮಾರಾಯ, ಬಿಜಾಂಟಿಯಂ ಬಿಟ್ಟು ಒಂದು ಬಿಲ್ಲೆ ಕೆಳಗಿಟ್ಟಿಲ್ಲ ನೀನು” ಎಂದ ತೀಖೊನ್ ಟೋಪಿಗೆ.

ಯೆಲ್ಪಿದಿಫೋರ್ ಮೇಜಿನ ಮೇಲಿನ ಚೀಟಿಗಳನ್ನು ಕೆದಕಿದ. ಬೇರೆ ಬೇರೆ ಕೈಬರಹ, ಒಂದೇ ಹೆಸರು. ಅಡಿಯಲ್ಲಿ ಒಂದು ಚೌಕುಳಿ ಹಾಳೆ ಇತ್ತು. ಶಾಲೆಯ ನೋಟ್‌ಬುಕ್ಕಿನದು, ಗುಂಡಗಿನ ಅಕ್ಷರ. ಯೆಲ್ಪಿದಿಫೋರ್, ರಯೀಸಾ, ಕಾನ್ಸ್ತಾಂತಿನ್ (ಕೋಸ್ತ್ಯಾನ ಪೂರ್ತಿ ಹೆಸರು), ಲ್ಯುಬೋವ್. ಕೊನೆಯ ಸಾಲು: ‘ಶಿಶು ಮತ್ವೇಯ್’.

“ಈ ಮತ್ವೇಯ್ ಯಾರು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ಲಫೀರಾಳೇ ಮಾತಾಡಬೇಕಾಯಿತು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ. “ನಿಮ್ಮ ಮೊಮ್ಮಗ. ಗುರುವಾರ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ರಲ್ಲ. ರಯೀಸಾನೇ ಟವೆಲ್ ಹಿಡ್ಕೊಂಡು ನಿಂತಿದ್ಳು.”

ಇಪ್ಪತ್ತೊಂಬತ್ತು ವರ್ಷ ಇಡೀ ಊರಿಗೆ ಸ್ನಾನ ಮಾಡಿಸಿದವನು, ಮನೆಯ ಮಗುವಿನ ಸ್ನಾನದ ದಿನ ಕುಡುಕ ಉಪಪಾದ್ರಿಯ ಕಡತದೊಳಗೆ ಮೂಗು ತೂರಿಸಿಕೊಂಡು ಕೂತಿದ್ದ.

ಪೂಜೆ ಮುಗಿದ ಮೇಲೆ ಒಬ್ಬನೇ ಮಗಳ ಮನೆಗೆ ಹೋದ. ಲ್ಯುಬಾ ಬಾಗಿಲು ತೆರೆದು, ಅವನ ಮುಖ ಕಂಡ ಕೂಡಲೇ ತಿಳಿದುಕೊಂಡಳು.

“ಕೋಪಾನಾ ಅಪ್ಪಾ?”

“ಇನ್ನೊಬ್ಬನ್ನ ಹುಡುಕೋಕೆ ತಿಂಗಳು ಟೈಮ್ ಇತ್ತು.”

“ಇನ್ನೊಬ್ಬ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಿನ್ನ ಕರೆದಿದ್ರೆ ನೀರಿನ ಕೊಪ್ಪರಿಗೆ ಪಕ್ಕ ನಿಂತು ಪಾದ್ರಿ ಕೈ ಹಿಡ್ಕೊಳ್ತಿದ್ದೆ. ಇಲ್ವಾ?”

ಮುದುಕ ಟೋಪಿಯನ್ನು ತಿರುಗಿಸುತ್ತ ಯೋಚಿಸಿದ. ಆ ವರ್ಷ ಅವನು ತನ್ನ ಬಗ್ಗೆ ಹೇಳಿದ ಮೊದಲ ನಿಜ ಆಗ ಹೊರಬಿತ್ತು. “ಹಿಡ್ಕೊಳ್ತಿದ್ದೆ.”

ತೊಟ್ಟಿಲ ಬಳಿ ಹೋದ. ಮಗು ಎಚ್ಚರವಾಗಿತ್ತು. “ಮತ್ವೇಯ್” ಎಂದು, ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟಂತೆ ಹೇಳಿ ನೋಡಿದ. ಮಗು ಅವನ ಬೆರಳನ್ನು ಹಿಡಿದುಕೊಂಡಿತು. ಅಲ್ಲಿಗೆ ಅವನು ಸುಮ್ಮನಾಗಿದ್ದರೆ ನಾವು ಅವನನ್ನು ಹೊಗಳಿಯೇ ಮುಗಿಸಬಹುದಿತ್ತು.

“ಇವತ್ತು ನನ್ನ ಹೆಸರು ಒಂಬತ್ತು ಸಲ ಓದಿದ್ರು” ಎಂದ ಮಗಳ ಕಡೆ ತಿರುಗದೆ. “ಅಲೆಕ್ಸೇಯ್ ಮೂರು. ನಿಕೊಲಾಯ್ ನಾಲ್ಕು. ಇವನ್ದು ಒಂದೇ ಒಂದು.”

“ಅಪ್ಪಾ...”

“ನಾನು ಎಣಿಸಿದ್ದು ಹೇಳ್ದೆ ಅಷ್ಟೆ.”

ಮುಂದಿನ ಭಾನುವಾರ ಅವನು ಜನ್ಮದಲ್ಲಿ ಮೊದಲ ಬಾರಿಗೆ ತಾನೇ ಮೇಣದಬತ್ತಿ ಮೇಜಿನ ಬಳಿ ನಿಂತು ಒಂದು ಚೀಟಿ ಬರೆದ. ಗ್ಲಫೀರಾ ಓದಿದಳು: ‘ಶಿಶು ಮತ್ವೇಯ್’. ಅಷ್ಟೇ ಇತ್ತು.

“ನಿಮ್ಮ ಹೆಸರು ಬರೀಲಿಲ್ವಲ್ಲ?”

“ನನ್ನದಕ್ಕೆ ಜನ ಇದಾರೆ” ಎಂದು ಯೆಲ್ಪಿದಿಫೋರ್ ನಿಕೋನೊವಿಚ್ ಮೀಸೆ ಒರೆಸಿಕೊಂಡು, ಎಣಿಸಲು ಮುಂದಿನ ಸಾಲಿಗೆ ಹೋಗಿ ನಿಂತ.