ಮಾವನ ಎಕ್ಸ್‌ರೇಯಲ್ಲಿ ಮಿಂಚುಳ್ಳಿ

ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎಂದು ಕರೆಯುತ್ತಿದ್ದರು. ಕೈಯಲ್ಲಿ ಸದಾ ಸೂಜಿ ಇರುತ್ತದೆ ಎಂಬುದು ಅವಳ ಎದುರಿಗೆ ಹೇಳುವ ಕಾರಣ. ಬೆನ್ನ ಹಿಂದೆ ಹೇಳುವ ಕಾರಣ ನಾಲಗೆಗೆ ಸಂಬಂಧಿಸಿದ್ದು. ಬಟ್ಟೆಯ ಮೇಲೆ ಕಸೂತಿ ಹಾಕುವುದು ಅವಳ ಕಸುಬು, ಬಟ್ಟೆ ಸಿಗದ ದಿನ ಮನುಷ್ಯರಾದರೂ ಆಗುತ್ತಿತ್ತು.

ಇಂಥ ಸೂಜಿಯಕ್ಕನನ್ನೇ ಚುಚ್ಚುವ ಮುಳ್ಳೊಂದು ಮನೆಯೊಳಗಿತ್ತು. ಅದು ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ಸೂಜಿಯಕ್ಕ ನಲವತ್ತು ದಾಟಿದ ಮೇಲೆ ಎರಡನೇ ಸಲ ದೊಡ್ಡವಳಾದಳು. ಮೊದಲನೇ ಸಲ ಆರತಿಯಾದರೂ ಎತ್ತಿದ್ದರು.

ಚಿಕ್ಕವಳು ಬರುವ ಮುಂಚೆ ನಡುಮನೆಯ ಕಂಪ್ಯೂಟರು ಸೂಜಿಯಕ್ಕನ ಸಾಮ್ರಾಜ್ಯವಾಗಿತ್ತು. ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತ ಆ ಪೆಟ್ಟಿಗೆಯಲ್ಲಿ ಕಸೂತಿಯ ನಕ್ಷೆ ಬರೆಯುವುದನ್ನು ಅವಳು ತಾನೇ ಕಲಿತಿದ್ದಳು. ಪರದೆಯ ತುಂಬ ಸಣ್ಣ ಸಣ್ಣ ಚೌಕ. ಒಂದು ಚೌಕಕ್ಕೆ ಒಂದು ಹೊಲಿಗೆ, ಒಂದು ಬಣ್ಣ. ಹತ್ತಿರದಿಂದ ನೋಡಿದರೆ ಹರಳು ಚೆಲ್ಲಿದ ಹಾಗೆ, ಎರಡು ಹೆಜ್ಜೆ ಹಿಂದೆ ಸರಿದರೆ ಗುಬ್ಬಿ. ಮನೆಯವರು ಯಾರೂ ಎರಡು ಹೆಜ್ಜೆ ಹಿಂದೆ ಸರಿಯುವ ತೊಂದರೆ ತೆಗೆದುಕೊಂಡಿರಲಿಲ್ಲ ಅಷ್ಟೆ. ಅತ್ತೆಯಂತೂ "ಇಷ್ಟೊಂದು ದಾರ ಯಾಕೆ ಹಾಳು ಮಾಡ್ತೀಯೇ, ಅಂಗಡೀಲಿ ಹಕ್ಕಿ ಇರೋ ದಿಂಬಿನ ಚೀಲಾನೇ ಸಿಗುತ್ತಲ್ಲ" ಎಂದು ಮುಗಿಸಿಬಿಡುತ್ತಿದ್ದರು.

ಚಿಕ್ಕವಳು ಬಂದ ವಾರದಲ್ಲೇ, ಹಳೆ ಪೇಪರ್ ಪೇರಿಸಿಡಲು ಬಳಕೆಯಾಗುತ್ತಿದ್ದ ಪ್ರಿಂಟರಿಗೆ ಜೀವ ಬಂತು. "ಅವಳ ಕೈಗುಣ ನೋಡ್ರೋ!" ಎಂದರು ಅತ್ತೆ. ಆಮೇಲೆ ಟಿವಿಯ ರಿಮೋಟು, ಮಾವನ ಫೋನು, ಕರೆಗಂಟೆ. ಸೂಜಿಯಕ್ಕನ ಹೊಟ್ಟೆಯಲ್ಲಿ ಒಂದೊಂದು ರಿಪೇರಿಗೂ ಒಂದೊಂದು ಕೆಂಡ ಬಿತ್ತು. ಕಡೆಗೆ ಒಂದು ದಿನ ಚಿಕ್ಕವಳು ಅಂಗೈಯಗಲದ ಕಪ್ಪು ಡಿಸ್ಕೊಂದನ್ನು ತಂದು ಕಂಪ್ಯೂಟರಿಗೆ ಚುಚ್ಚಿ, ಎಲ್ಲರ ಫೈಲೂ ತಾನಾಗಿ ಅದರೊಳಗೆ ಇನ್ನೊಂದು ಪ್ರತಿಯಾಗಿ ಕೂರುವ ಏರ್ಪಾಟು ಮಾಡಿದಳು.

"ಈ ಬ್ಯಾಕಪ್ಪು ಕಂಪ್ಯೂಟರ್ ಒಳಗೇ ಇತ್ತು ಅತ್ತೆ, ಮೊದಲಿಂದಾನೂ. ನಾವು ಆನ್ ಮಾಡಿರ್ಲಿಲ್ಲ ಅಷ್ಟೆ."

"ಅಷ್ಟು ವರ್ಷ ಸುಮ್ನೆ ಬಿದ್ದಿತ್ತಾ! ನೀನು ಬಂದ್ಮೇಲೆ ಗೊತ್ತಾಯ್ತು ನೋಡು."

ಒಗ್ಗರಣೆ ಹಾಕುತ್ತಿದ್ದ ಸೂಜಿಯಕ್ಕನಿಗೆ ಸಾಸಿವೆಗಿಂತ ಮೊದಲು ತಾನೇ ಸಿಡಿದ ಹಾಗಾಯಿತು. ತಾನೂ ಈ ಮನೆಯೊಳಗೇ ಇದ್ದವಳು, ಮೊದಲಿನಿಂದಲೂ. ತನ್ನನ್ನೂ ಯಾರೂ ಆನ್ ಮಾಡಿರಲಿಲ್ಲ.

ಇಷ್ಟರ ನಡುವೆ ಅವಳಿಗೊಂದು ಗುಟ್ಟಿನ ಸಂಭ್ರಮ ಒದಗಿತ್ತು. ದಾರದಂಗಡಿಯ ಯಜಮಾನಿ ಅವಳ ಗುಬ್ಬಿಯನ್ನು ನೋಡಿ, "ಹಕ್ಕಿಗಳದ್ದೇ ಒಂದು ಪುಸ್ತಕ ಮಾಡೋಣ ಕಣ್ರಿ. ನಕ್ಷೆ ನಿಮ್ಮದು, ಅಚ್ಚು ನಂದು. ಮುಖಪುಟದ ಮೇಲೆ ನಿಮ್ಮ ಹೆಸರು" ಎಂದಿದ್ದಳು. ತನ್ನ ಹೆಸರು ಅಚ್ಚಾಗಿದ್ದನ್ನು ಸೂಜಿಯಕ್ಕ ಅದುವರೆಗೆ ರೇಷನ್ ಕಾರ್ಡಿನಲ್ಲಿ ಮಾತ್ರ ನೋಡಿದ್ದಳು, ಅಲ್ಲೂ ಕಾಗುಣಿತ ತಪ್ಪು. ಪುಸ್ತಕ ಕೈಗೆ ಬರುವವರೆಗೆ ಮನೆಯಲ್ಲಿ ಉಸಿರೆತ್ತಬಾರದೆಂದು ನಿಶ್ಚಯಿಸಿದಳು. ಗೊತ್ತಾದರೆ ಚಿಕ್ಕವಳು "ನಾನೂ ಸಹಾಯ ಮಾಡ್ಲಾ ಅಕ್ಕಾ?" ಎಂದು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಅಲ್ಲಿಗೆ ಮುಗಿಯಿತು. ಪುಸ್ತಕವೇ ಚಿಕ್ಕವಳ ಕೈಗುಣವಾಗಿಬಿಡುತ್ತದೆ.

ಗುಟ್ಟಿಗೆ ಪಾಸ್‌ವರ್ಡ್ ಇಟ್ಟರೆ ಒಳಗೇನಿದೆ ಎಂಬ ಕುತೂಹಲ ಊರಿಗೆಲ್ಲ ಹುಟ್ಟುತ್ತದೆ. ಅದಕ್ಕೇ ಅವಳು ಹಕ್ಕಿಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ ಅದಕ್ಕೆ "ಮಾವನ ಎಕ್ಸ್‌ರೇ" ಎಂದು ಹೆಸರಿಟ್ಟಳು. ಮಾವನಿಗೇ ತನ್ನ ಎಕ್ಸ್‌ರೇ ನೋಡುವ ಆಸೆ ಇರಲಿಲ್ಲ, ಇನ್ನು ಉಳಿದವರಿಗೆಲ್ಲಿಂದ ಬಂತು?

ಹೀಗಿರುವಾಗ ಕಂಪ್ಯೂಟರು ದಿನಾ ಮೂಲೆಯಲ್ಲಿ ಗೊಣಗತೊಡಗಿತು. ಡ್ರೈವ್ ಸಿಗುತ್ತಿಲ್ಲ, ಮತ್ತೆ ಜೋಡಿಸಿ, ನಿಮ್ಮ ಫೈಲುಗಳ ಪ್ರತಿ ಆಗುತ್ತಿಲ್ಲ. ಚಿಕ್ಕವಳಿಗೆ ಹೇಳಿದ್ದರೆ ಕಾಫಿ ಆರುವುದರೊಳಗೆ ಸರಿಯಾಗುತ್ತಿತ್ತು. ಆದರೆ ಸೂಜಿಯಕ್ಕನಿಗೆ ಬೇರೆಯೇ ಯೋಚನೆ. ಒಂದೇ ಒಂದು ಸಲ, ಒಂದೇ ಒಂದು ರಿಪೇರಿ, ತನ್ನ ಕೈಯಿಂದ ಆಗಲಿ. ಚಿಕ್ಕವಳು ಹಲ್ಲಿನ ಡಾಕ್ಟರ ಬಳಿಗೆ ಹೋದ ಮಧ್ಯಾಹ್ನ ಅವಳು ಸೆರಗು ಸಿಕ್ಕಿಸಿ, ಫೋನಿನಲ್ಲಿ ಸಲಹೆಗಳ ಪುಟ ತೆರೆದು, ಕಂಪ್ಯೂಟರಿನ ಎದುರು ಕೂತಳು.

ಮೊದಲು ಡಿಸ್ಕಿನ ವೈರನ್ನು ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಹಾಕಿದಳು. ನೀಲಿ ದೀಪ ಹೊತ್ತಿತು. ದಾರ ಪೋಣಿಸಿದಷ್ಟೇ ಸಲೀಸು ಎಂದುಕೊಂಡಳು. ಬ್ಯಾಕಪ್ಪಿನ ಪುಟಕ್ಕೆ ಹೋಗಿ ಅದೇ ಡ್ರೈವನ್ನು ಮತ್ತೆ ಆರಿಸಿದಳು. ಈಗ ಗೊಣಗಾಟದ ಧಾಟಿ ಬದಲಾಯಿತು. ಡ್ರೈವ್ ತುಂಬಿದೆಯಂತೆ. ತುಂಬದೆ ಇನ್ನೇನು, ಒಂದೇ ಫೈಲಿನ ಹಳೆಯ ಪ್ರತಿ, ಅದಕ್ಕೂ ಹಳೆಯ ಪ್ರತಿ, ಎಲ್ಲವನ್ನೂ ಅದು ಅತ್ತೆ ಹಳೆ ಡಬ್ಬಗಳನ್ನು ಕೂಡಿಡುವಂತೆ ಕೂಡಿಟ್ಟಿತ್ತು. ಡ್ರೈವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಬಹುದು ಎಂದಿತ್ತು ಸಲಹೆಗಳ ಪುಟ. ಅಳಿಸುವ ಮುನ್ನ ಒಳಗೇನಿದೆ ನೋಡೋಣವೆಂದು ಹಿಂದಿನ ಪ್ರತಿಗಳ ಕಿಟಕಿ ತೆರೆದಳು. ಪರದೆಯ ತುಂಬ ಅವಳ ಹಕ್ಕಿಗಳೇ ರೆಕ್ಕೆ ಬಿಚ್ಚಿಕೊಂಡು ಕೂತಿದ್ದವು. ಗುಬ್ಬಿ, ಗಿಳಿ, ಮಿಂಚುಳ್ಳಿ.

ಈ ಕಿಟಕಿಯನ್ನು ಚಿಕ್ಕವಳು ಗಿಡಕ್ಕೆ ನೀರು ಹಾಕುವಂತೆ ಆಗಾಗ ತೆರೆದು ನೋಡುತ್ತಾಳಲ್ಲ!

ಸೂಜಿಯಕ್ಕ ಡ್ರೈವನ್ನು ಪೂರ್ತಿ ಅಳಿಸಿದಳು. ಹೊಸ ಪ್ರತಿ ಶುರುವಾಗುವ ಮುಂಚೆ, 'ಈ ಫೋಲ್ಡರುಗಳನ್ನು ಬಿಟ್ಟುಬಿಡು' ಎಂಬ ಕಡೆ ಹೋಗಿ ಮಾವನ ಎಕ್ಸ್‌ರೇಯನ್ನು ಸೇರಿಸಿದಳು. ಈಗಲೇ ಬ್ಯಾಕಪ್ ಮಾಡು ಎಂಬ ಗುಂಡಿ ಒತ್ತಿದಳು. ಎಲ್ಲರ ಫೈಲೂ ಸಾಲುಗಟ್ಟಿ ಡಿಸ್ಕಿಗೆ ಹೋದವು, ಅವಳದ್ದೊಂದು ಬಿಟ್ಟು. ಸಂಜೆ ಊಟದ ಮೇಜಿನಲ್ಲಿ, ಯಾರೂ ಕೇಳದಿದ್ದರೂ, "ಬ್ಯಾಕಪ್ ಕೆಟ್ಟಿತ್ತು. ಸರಿ ಮಾಡ್ದೆ" ಎಂದಳು.

ಅತ್ತೆ ಕಣ್ಣರಳಿಸಿದರು. "ಹೌದಾ? ಚಿಕ್ಕವಳು ಹೇಳಿಕೊಟ್ಟಿದ್ಲಾ?"

ಹಲ್ಲು ಕೀಳಿಸಿಕೊಂಡು ಬಂದಿದ್ದ ಚಿಕ್ಕವಳು ಬಾಯಿ ತೆರೆಯಲಾರದೆ ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅತ್ತೆ ಅದನ್ನು ವಿನಯ ಎಂದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಂಪ್ಯೂಟರು ಕಟಕಟ ಎಂದು ಹಲ್ಲು ಕಡಿದು ಕಪ್ಪಾಯಿತು. ರಿಪೇರಿಯವನು ಬಂದು, ಒಳಗಿನ ಡಿಸ್ಕು ಸತ್ತಿದೆ, ಅದರಿಂದ ಏನೂ ತೆಗೆಯಲಾಗದು ಎಂದು ಕೈಯೆತ್ತಿ, ಹೊಸ ಡಿಸ್ಕು ಕೂರಿಸಿ ಹೋದ. ದಾರದಂಗಡಿಯ ಯಜಮಾನಿ ನಕ್ಷೆ ಒಯ್ಯಲು ಬರುವುದು ಆ ವಾರದ ಕೊನೆಗೆ.

"ಯಾರೂ ಹೆದರ್ಬೇಡಿ, ಬ್ಯಾಕಪ್ ಇದೆಯಲ್ಲ. ಅಕ್ಕ ಸರಿ ಮಾಡಿಟ್ಟಿದ್ದಾರೆ" ಎಂದು ಚಿಕ್ಕವಳು ಕಪ್ಪು ಡಿಸ್ಕನ್ನು ಚುಚ್ಚಿದಳು. ಇಡೀ ಮನೆ ಅವಳ ಕುರ್ಚಿಯ ಹಿಂದೆ ನಿಂತಿತು. ಮೈದುನನ ಪ್ರವಾಸದ ಫೋಟೋ ಬಂದವು. ಅತ್ತೆ ಕೂಡಿಟ್ಟ ಹಳೆಯ ಹಾಡುಗಳು ಬಂದವು. ಗಂಡನ ಆಫೀಸಿನ ಕಾಗದಗಳು, ಬೇಡವೆಂದು ಎಲ್ಲರೂ ಮರೆತಿದ್ದ ಗ್ಯಾಸಿನ ರಸೀದಿ ಕೂಡ ಬಂತು. ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ.

"ಮಾವನ ಎಕ್ಸ್‌ರೇ?" ಎಂದಳು.

ಎಲ್ಲರೂ ತಿರುಗಿ ನೋಡಿದರು. ಚಿಕ್ಕವಳು ಮೇಲೆ ಕೆಳಗೆ ಹುಡುಕಿ, "ಅದು ಬಂದಿಲ್ಲ ಅಕ್ಕಾ. ಬಿಟ್ಟುಬಿಡು ಅಂತ ಯಾರೋ ಹಾಕಿದ್ದಾರೆ" ಎಂದಳು.

ಸೂಜಿಯಕ್ಕ ಅಲ್ಲೇ ಶೂ ಇಡುವ ಸ್ಟ್ಯಾಂಡಿನ ಮೇಲೆ ಕುಸಿದು ಕೂತು ಗಳಗಳ ಅತ್ತುಬಿಟ್ಟಳು. ಮಾವ ಗಾಬರಿಯಾದರು. ಈ ಮನೆಯಲ್ಲಿ ತನ್ನ ಎದೆಗಾಗಿ ಯಾರಾದರೂ ಕಣ್ಣೀರು ಹಾಕಿಯಾರೆಂದು ಅವರು ಎಣಿಸಿರಲಿಲ್ಲ. "ಅಳಬೇಡಮ್ಮ, ನಂಗೇನೂ ಆಗಿಲ್ಲ. ಬೇಕಾದ್ರೆ ನಾಳೇನೇ ಇನ್ನೊಂದು ತೆಗೆಸ್ತೀನಿ" ಎಂದು ಗಂಟಲು ಸರಿಮಾಡಿಕೊಂಡರು. ಅತ್ತೆಯ ಕಣ್ಣೂ ಒದ್ದೆಯಾಯಿತು. "ಇವಳ ಮನಸ್ಸು ಇಷ್ಟು ಮೃದು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ" ಎಂದು ಮಗನಿಗೆ ಹೇಳಿದರು. ಇಷ್ಟು ವರ್ಷ ಬಾಯಿಬಿಟ್ಟು ಕಾದಿದ್ದ ಹೊಗಳಿಕೆ ಕಡೆಗೂ ಬಂತು, ಬಂದದ್ದು ಬೇರೆ ಯಾವುದೋ ಸೊಸೆಯ ವಿಳಾಸಕ್ಕೆ ಹೋಗಬೇಕಾದದ್ದು. ಸೂಜಿಯಕ್ಕ ಇನ್ನೂ ಜೋರಾಗಿ ಅತ್ತಳು.

ಎಲ್ಲರೂ ಚದುರಿದ ಮೇಲೆ ಚಿಕ್ಕವಳು ಅತ್ತೆಗೆ ಕೇಳಿಸದಂತೆ ಅಡುಗೆಮನೆಯ ಬಾಗಿಲು ಅರ್ಧ ಮುಂದೆ ಮಾಡಿ ಅವಳ ಬಳಿ ಬಂದಳು.

"ಅಕ್ಕಾ, ಬೈಬೇಡಿ. ಎಕ್ಸ್‌ರೇ ಇದೆ."

"ಯಾವ ಎಕ್ಸ್‌ರೇ?"

"ರೆಕ್ಕೆ ಇರೋದು."

ಕಂಪ್ಯೂಟರಿನ ಮುಂದೆ ಕೂರಿಸಿ ಅವಳು ತನ್ನ ಮದುವೆ ಫೋಟೋಗಳ ಫೋಲ್ಡರು ತೆರೆದಳು. ಅದನ್ನು ಸೂಜಿಯಕ್ಕ ಪ್ರಾಣ ಹೋದರೂ ತೆರೆಯುವವಳಲ್ಲ. ಆ ಸೀರೆಯನ್ನು ಒಂದು ಸಲ ನೋಡಿ ಉರಿದುಕೊಂಡದ್ದೇ ಸಾಕಾಗಿತ್ತು. ಅದರೊಳಗೆ "ಅಕ್ಕ" ಎಂಬ ಇನ್ನೊಂದು ಫೋಲ್ಡರು. ಅದರೊಳಗೆ ಹಕ್ಕಿಗಳು.

"ಕಳ್ಳಿ!" ಎಂದಳು ಸೂಜಿಯಕ್ಕ. ಎದೆ ಹಗುರಾಗಿದ್ದರಿಂದ ಬೈಗುಳಕ್ಕೆ ಬಲ ಸಾಲಲಿಲ್ಲ. "ಯಾವಾಗಿಂದ?"

"ಡಾಕ್ಟ್ರು ಮಾವನ ಹಳೆ ಎಕ್ಸ್‌ರೇ ಕೇಳಿದ್ರು. ನಾನು ಹುಡುಕಿದೆ. ಮನುಷ್ಯರಿಗೆ ಎದೆಗೂಡು ಇರುತ್ತೆ ಅಂತ ಓದಿದ್ದೆ ಅಕ್ಕಾ, ಅದರಲ್ಲಿ ಹಕ್ಕಿ ಇರುತ್ತೆ ಅಂತ ಅವತ್ತೇ ಗೊತ್ತಾಗಿದ್ದು."

"ನಗಬೇಡ. ನೋಡಿದ್ದಾಯ್ತು, ಕದ್ದಿದ್ದು ಯಾಕೆ?"

ಚಿಕ್ಕವಳು ಕೀಲಿಮಣೆಯ ಧೂಳು ಒರೆಸಿದಳು. ಧೂಳು ಇರಲಿಲ್ಲ. "ಹೊಟ್ಟೆಕಿಚ್ಚು."

"ಯಾರಿಗೆ?"

"ನಂಗೆ. ನಿಮ್ಮ ಮೇಲೆ." ಅವಳು ಮುಖ ಎತ್ತಲಿಲ್ಲ. "ನಾನು ಮಾಡೋದೆಲ್ಲ ವೈರು ಚುಚ್ಚೋದು, ಗುಂಡಿ ಒತ್ತೋದು. ಅತ್ತೆ ಹೊಗಳ್ತಾರೆ, ಮಾರನೇ ದಿನ ಮರೀತಾರೆ. ನೀವು ಹೊಲಿದು ತೂಗುಹಾಕಿದ ಗುಬ್ಬಿ ಗೋಡೆ ಮೇಲೆ ಹಾಗೇ ಇದೆ. ನೆಂಟರು ಬಂದ್ರೆ ಅದರ ಮುಂದೆ ನಿಲ್ತಾರೆ, ನನ್ನ ಪ್ರಿಂಟರ್ ಮುಂದೆ ಯಾರು ನಿಲ್ತಾರೆ? ಹೊಸ ಹಕ್ಕಿ ಬಂದಾಗೆಲ್ಲ ಒಂದು ಕಾಪಿ ಮಾಡ್ಕೊಂಡೆ. ಕೊನೇಲಿ ಬರೆದ ಗೂಬೆ ಒಂದನ್ನ ಕಾಪಿ ಮಾಡೋ ಮುಂಚೆನೇ ಕಂಪ್ಯೂಟರ್ ಹೋಯ್ತು."

ಸೂಜಿಯಕ್ಕನಿಗೆ ಹೊಟ್ಟೆಯೊಳಗೆ ತಣ್ಣನೆ ಹಾಲು ಹೊಯ್ದ ಹಾಗಾಯಿತು. ತನ್ನನ್ನು ನೋಡಿ ಒಬ್ಬರು ಉರಿದುಕೊಂಡಿದ್ದಾರೆ! ಅದೂ ಇವಳು! ಆ ಸುಖವನ್ನು ಮುಖದಲ್ಲಿ ತೋರದಂತೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

"ಬರೀ ಕಾಪಿನಾ? ಹೊಲಿದೂ ನೋಡಿದ್ಯಾ?"

ಚಿಕ್ಕವಳು ಕೋಣೆಯಿಂದ ಒಂದು ಕರವಸ್ತ್ರ ತಂದಳು. ಮಿಂಚುಳ್ಳಿ. ಸೂಜಿಯಕ್ಕ ಮೊದಲು ಮಗುಚಿ ಹಿಂಭಾಗ ನೋಡಿದಳು. ಗಂಟಿನ ಮೇಲೆ ಗಂಟು, ಬಾಚದ ತಲೆಯ ಹಾಗೆ. ತೃಪ್ತಿಯಾಯಿತು. ಮುಂಭಾಗ ತಿರುಗಿಸಿದಳು. ಕೊಕ್ಕು ಸೊಟ್ಟ, ರೆಕ್ಕೆ ಗಿಡ್ಡ. ಇನ್ನೂ ತೃಪ್ತಿಯಾಯಿತು. ಆದರೆ ಕಣ್ಣು. ಅವಳ ನಕ್ಷೆಯಲ್ಲಿ ಕಣ್ಣು ಬರೀ ಕಪ್ಪು. ಇಲ್ಲಿ ಕಪ್ಪಿನ ಪಕ್ಕ ಸಾಸಿವೆ ಹಳದಿಯ ಒಂದೇ ಒಂದು ಹೊಲಿಗೆ. ಆ ಸೊಟ್ಟ ಹಕ್ಕಿ ಈಗಷ್ಟೇ ನೀರಿನಲ್ಲಿ ಮೀನು ಕಂಡ ಹಾಗೆ ನೋಡುತ್ತಿತ್ತು.

"ಈ ಹಳದಿ ಎಲ್ಲಿಂದ ಬಂತು?"

"ನಿಮ್ಮ ಡಬ್ಬದಿಂದ ಕಪ್ಪು ಜಾಸ್ತಿ ತೆಗೆದ್ರೆ ಗೊತ್ತಾಗುತ್ತೆ ಅಂತ... ಕಸದಲ್ಲಿ ಹಳದಿ ತುಂಡು ಬಿದ್ದಿತ್ತು. ನಕ್ಷೇಲೂ ಹಾಗೇ ಬದಲಾಯಿಸಿಟ್ಟೆ. ತಪ್ಪಾಯ್ತಾ?"

ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆರಿದ ಕೆಂಡ ಮತ್ತೆ ಹೊಗೆಯಾಡಿತು. ಹತ್ತು ತಿಂಗಳು ತಾನು ನೋಡಿದ ಕಣ್ಣಿಗೆ, ಕಸದ ಬುಟ್ಟಿಯ ದಾರದಲ್ಲಿ ಈ ಹುಡುಗಿ ದೃಷ್ಟಿ ಕೊಟ್ಟಿದ್ದಾಳೆ. ಸೂಜಿಯಕ್ಕ ಕರವಸ್ತ್ರ ಮಡಚಿಟ್ಟು ಗೂಬೆಯನ್ನು ಮತ್ತೆ ಬರೆಯಲು ಕೂತಳು. ನಡುವೆ ಮಿಂಚುಳ್ಳಿಯನ್ನು ತೆರೆದು ಹಳದಿ ಚೌಕವನ್ನು ಅಳಿಸಿದಳು. ನೋಡಿದಳು. ಹಕ್ಕಿ ಗೊಂಬೆಯಾಯಿತು. ಶಪಿಸುತ್ತ ಮತ್ತೆ ಹಳದಿ ಹಾಕಿದಳು.

ದಾರದಂಗಡಿಯ ಯಜಮಾನಿ ಬಂದಳು. ಅಂದು ಮನೆಗೆಲ್ಲ ಗುಟ್ಟು ರಟ್ಟಾಯಿತು. ನಕ್ಷೆಗಳನ್ನು ಒಂದೊಂದಾಗಿ ನೋಡುತ್ತ ಅವಳು ಮಿಂಚುಳ್ಳಿಯ ಹತ್ತಿರ ನಿಂತಳು.

"ಈ ಕಣ್ಣು ಹೇಗ್ರೀ ಹೊಳೀತು ನಿಮಗೆ?"

ಬಾಗಿಲ ಬಳಿ ಟ್ರೇ ಹಿಡಿದಿದ್ದ ಚಿಕ್ಕವಳು ಒಳಗೆ ಬರದೆ ಅಲ್ಲೇ ನಿಂತಳು. ಸೂಜಿಯಕ್ಕನ ನಾಲಗೆಯ ತುದಿಗೆ ಸುಳ್ಳು ಬಂದು ನಿಂತಿತ್ತು, ದಾರ ಪೋಣಿಸಿದ ಸೂಜಿಯ ಹಾಗೆ ಸಿದ್ಧವಾಗಿ. ಅವಳು ಅದನ್ನು ನುಂಗಿಕೊಂಡಳು.

"ಅದಾ? ಅದರ ಮೇಲೆ ನಮ್ಮ ಚಿಕ್ಕವಳ ಕಣ್ಣು ಬಿತ್ತು" ಎಂದಳು. "ಆ ಪುಟದಲ್ಲಿ ಅವಳ ಹೆಸರೂ ಹಾಕಿ. ಕೆಳಗೆ. ಸಣ್ಣಕ್ಷರದಲ್ಲಿ. ಕಣ್ಣಿಗೆ ಮಾತ್ರ."

ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ಸೂಜಿಯಕ್ಕನ ಹೆಸರು, ಕಾಗುಣಿತ ಸರಿಯಾಗಿತ್ತು. ಅತ್ತೆ ಕನ್ನಡಕ ಏರಿಸಿ ಪುಟ ಮಗುಚಿದರು. ಗುಬ್ಬಿ ದಾಟಿದರು, ಗಿಳಿ ದಾಟಿದರು, ಎರಡು ಸಲ ಬರೆದ ಗೂಬೆಯನ್ನೂ ದಾಟಿದರು. ಮಿಂಚುಳ್ಳಿಗೆ ಬಂದು ಬೆರಳಿಟ್ಟರು.

"ಅಬ್ಬಾ, ಈ ಕಣ್ಣು ನೋಡ್ರೋ! ಚಿಕ್ಕವಳೇ, ನಿನ್ನ ಕೈಗುಣ ಕಣೇ!"

"ಅಯ್ಯೋ ಅತ್ತೆ, ಒಂದೇ ಹೊಲಿಗೆ ನಂದು" ಎಂದು ಚಿಕ್ಕವಳು ಬಡಕೊಂಡಳು. ಅತ್ತೆ ಅದನ್ನೂ ವಿನಯ ಎಂದುಕೊಂಡರು.

ಆ ಮಧ್ಯಾಹ್ನವೇ ಸೂಜಿಯಕ್ಕ ಕಂಪ್ಯೂಟರಿನ ಎದುರು ಕೂತು ಹೊಸ ಸರಣಿ ಶುರುಮಾಡಿದಳು. ಈ ಸಲ ಚಿಟ್ಟೆಗಳು. ಹೊಸ ಫೋಲ್ಡರಿಗೆ "ಅತ್ತೆಯ ಮಂಡಿ ಸ್ಕ್ಯಾನ್" ಎಂದು ಹೆಸರಿಟ್ಟಳು. ಅತ್ತೆಯ ಮಂಡಿಗೆ ಏನೂ ಆಗಿರಲಿಲ್ಲ, ಸ್ಕ್ಯಾನನ್ನು ಯಾರೂ ಮಾಡಿಸಿಯೂ ಇರಲಿಲ್ಲ. ಬ್ಯಾಕಪ್ಪಿನ ಪುಟ ತೆರೆದು ಆ ಫೋಲ್ಡರನ್ನು ತಾನೇ ಕೈಯಾರೆ ಒಳಗೆ ಸೇರಿಸಿದಳು. ಚಿಕ್ಕವಳು ಶುಕ್ರವಾರದೊಳಗೆ ಹುಡುಕಿ ತೆಗೆಯುತ್ತಾಳೆಂದು ಅವಳಿಗೆ ಗೊತ್ತಿತ್ತು. ಮೊದಲ ಚಿಟ್ಟೆಯ ರೆಕ್ಕೆಯಲ್ಲಿ ಬಣ್ಣವಿಲ್ಲದ ಒಂದು ಚೌಕವನ್ನು ಹಾಗೇ ಬಿಟ್ಟು, ಇವಳು ಇದಕ್ಕೇನು ಮಾಡುತ್ತಾಳೋ ನೋಡಿಯೇ ಬಿಡೋಣ ಎಂದು ಹಲ್ಲು ಕಚ್ಚಿಕೊಂಡು ಸೇವ್ ಒತ್ತಿದಳು.