ಒಂದೇ ಮನೆಯ ಎರಡು ಟೆಲಿಫೋನು

ಬೀದಿಯವರ ಪಾಲಿಗೆ ಅವನು ಈಗಲೂ ಲೈನ್‌ಮನ್ನೇ. ನಿವೃತ್ತಿಯಾಗಿ ಎಷ್ಟೋ ಕಾಲವಾಯಿತು. ಕಂಬದ ಮೇಲಿನ ತಂತಿಗಳನ್ನು ಟೆಲಿಫೋನ್ ಇಲಾಖೆಯವರೇ ಬಿಚ್ಚಿ, ಸುರುಳಿ ಸುತ್ತಿ, ಲಾರಿಗೆ ಹಾಕಿಕೊಂಡು ಹೋದರು. ಒಂದು ಕಾಲದಲ್ಲಿ ಫೋನು ಸತ್ತಿತೆಂದು ಅವನ ಬಾಗಿಲಿಗೆ ಬಂದು ಹಲ್ಲು ಗಿಂಜುತ್ತಿದ್ದ ಮಂದಿ ಈಗ ಜೇಬಿನಲ್ಲೊಂದು ಕೈಯಲ್ಲೊಂದು ಮೊಬೈಲು ಹಿಡಿದು ಓಡಾಡುತ್ತಾರೆ. ಇಸ್ತ್ರಿ ಅಂಗಡಿಯವನಂತೂ ಕಂಡಾಗಲೆಲ್ಲ, "ಏನ್ ಲೈನ್‌ಮನ್ನೋರೇ, ಟೋನ್ ಬರ್ತಿದ್ಯಾ?" ಎಂದು ಕಿಚಾಯಿಸುತ್ತಾನೆ. "ಬರ್ತಿದೆ, ಎತ್ತೋರಿಲ್ಲ ಅಷ್ಟೆ" ಎಂದು ಇವನು ಮುಂದೆ ಹೋಗುತ್ತಾನೆ.

ಅವನ ಕೆಲಸದಲ್ಲೊಂದು ಪದ್ಧತಿಯಿತ್ತು. ಕೆಟ್ಟ ಲೈನನ್ನು ಸರಿಮಾಡಿದ ಮೇಲೆ ಎಲ್ಲಿಗಾದರೂ ಒಂದು ಫೋನು ಮಾಡಿ, ಮಾತು ಕೇಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಜೊತೆಯವರೆಲ್ಲ ಎಕ್ಸ್‌ಚೇಂಜಿಗೆ ಮಾಡುತ್ತಿದ್ದರು. ಇವನು ಮನೆಗೆ ಮಾಡುತ್ತಿದ್ದ. ಕಂಬದ ತುದಿಯಿಂದ, ಡಾಕ್ಟರ ಕೋಣೆಯಿಂದ, ಯಾರದೋ ಅಂಗಡಿಯ ಗಲ್ಲಾದ ಪಕ್ಕದಿಂದ.

"ನಾನು ಕಣೇ. ಕೇಳಿಸ್ತಿದ್ಯಾ?"

"ಕೇಳಿಸ್ತಿದೆ. ಯಾವಾಗ ಬರ್ತೀರಿ?"

"ಇನ್ನೇನು, ಬಂದೆ."

ಆ 'ಇನ್ನೇನು, ಬಂದೆ'ಗೆ ತಲೆಬುಡ ಇರುತ್ತಿರಲಿಲ್ಲ. ಗಾಳಿ ಬೀಸಿದರೆ ತಂತಿ ಹರಿಯುತ್ತಿತ್ತು, ಮಳೆ ಬಂದರೆ ಕೇಬಲ್ಲಿಗೆ ನೀರಿಳಿಯುತ್ತಿತ್ತು. ಅವನು ಮನೆ ಸೇರುವಷ್ಟರಲ್ಲಿ ಊಟದ ತಟ್ಟೆ ಮುಚ್ಚಿಟ್ಟು ಹೆಂಡತಿ ಮಲಗಿರುತ್ತಿದ್ದಳು. ಊರವರ ಮಾತು ಕೂಡಿಸುವ ಗಂಡಸಿಗೆ ಮನೆಯಲ್ಲಿ ಕೂತು ಮಾತಾಡಲು ಪುರುಸೊತ್ತಿರಲಿಲ್ಲ. ಅವಳಿಗೆ ಗಂಡನೆಂದರೆ ಬಹುಪಾಲು ಕಿವಿಗೆ ಬೀಳುವ ಒಂದು ದನಿ. ಅದರಲ್ಲೇ ಮಗಳನ್ನು ಬೆಳೆಸಿದರು, ಮದುವೆ ಮಾಡಿದರು.

ಅವಳ ಮರೆವು ಮೊದಮೊದಲು ನಗೆಚಾಟಿಕೆಯಾಗಿತ್ತು. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವುದು, ನಲ್ಲಿ ತೆರೆದಿಟ್ಟು ನೀರಿಲ್ಲವೆಂದು ಗೊಣಗುವುದು. ಆಮೇಲೆ ಯಾರೂ ನಗಲಿಲ್ಲ. ಒಂದು ಬೆಳಿಗ್ಗೆ ಅವನು ಬಿಸಿ ಹಾಲಿನ ಲೋಟ ಹಿಡಿದು ಹತ್ತಿರ ಹೋದಾಗ ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಅವರು ಕೆಲಸಕ್ಕೆ ಹೋಗಿದಾರೆ. ಆಮೇಲೆ ಬನ್ನಿ" ಎಂದಳು. ಅವನು ಲೋಟ ಅಲ್ಲೇ ಇಟ್ಟು ಆಚೆ ಬಂದ.

ಅಂದಿನಿಂದ ಅವನು ಆ ಮನೆಯಲ್ಲಿ ಉಳಿದುಕೊಂಡ ಯಾರೋ ಒಬ್ಬ. ಅವಳಾದರೋ ಹಜಾರದ ಮೂಲೆಯ ಸ್ಟೂಲಿನ ಮೇಲಿದ್ದ ಹಳೆಯ ಫೋನಿನ ರಿಸೀವರ್ ಎತ್ತುವಳು, ಕಿವಿಗಿಟ್ಟುಕೊಳ್ಳುವಳು, ಏನೂ ಕೇಳಿಸದೆ ಕಣ್ಣು ತುಂಬಿಕೊಳ್ಳುವಳು. ಆ ಲೈನು ಸತ್ತು ಎಷ್ಟೋ ಕಾಲವಾಗಿತ್ತು.

ಕೆಳಗಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಗಳು ಒಂದು ಉಪಾಯ ಹೂಡಿದಳು. ಅಪ್ಪನನ್ನು ಒಳಕೋಣೆಗೆ ಕಳಿಸಿ, ಅವನ ಮೊಬೈಲಿಗೆ ಕರೆ ಮಾಡಿ, ತನ್ನದನ್ನು ಅಮ್ಮನ ಕಿವಿಗೆ ಹಿಡಿದಳು. ಅದು ಕೆಟ್ಟಿತು. ಗಂಡನ ದನಿ ಮೊದಲು ಗೋಡೆಯಾಚೆಯಿಂದ ಬಂತು, ಒಂದು ಚಣ ತಡೆದು ಮೊಬೈಲಿನಿಂದ ಬಂತು. ಅವಳು ಬೆದರಿ ಅದನ್ನು ಎಸೆದೇಬಿಟ್ಟಳು. "ತಂತೀನೇ ಇಲ್ಲ. ಎಲ್ಲಿಂದ ಮಾತಾಡ್ತಿದಾರೆ ಅವರು? ಏನಾಯ್ತು ಅವರಿಗೆ?" ಎಂದು ಗೋಳಾಡಿದಳು.

ಆಗ ಲೈನ್‌ಮನ್ ಅಟ್ಟ ಹತ್ತಿದ. ಅಲ್ಲಿ ಒಂದು ಸುರುಳಿ ತಂತಿ, ಇನ್ನೊಂದು ಹಳೆಯ ಫೋನು ಬಿದ್ದಿದ್ದವು. ಮನೆ ತುಂಬ ಕಸ ಎಂದು ಇದೇ ಹೆಂಡತಿಯಿಂದ ಬೈಸಿಕೊಂಡು ಉಳಿಸಿಕೊಂಡಿದ್ದ ಸಾಮಾನು. ಒಳಕೋಣೆಯಿಂದ ಹಜಾರದವರೆಗೆ ಗೋಡೆಯಂಚಿಗೆ ತಂತಿ ಎಳೆದ, ನಡುವೆ ಬ್ಯಾಟರಿ ಕೂಡಿಸಿದ, ಅವಳ ಫೋನಿನ ಹಿಂದೆ ಒಂದು ಪುಟ್ಟ ಗಂಟೆ ಸಿಕ್ಕಿಸಿದ. ಒಳಕೋಣೆಯ ಬಾಗಿಲು ಮುಚ್ಚಿಕೊಂಡು ಗಂಟೆಯ ಗುಂಡಿ ಒತ್ತಿದ. ತಾಮ್ರದ ತಂತಿಯಲ್ಲಿ ಮಾತು ತಡವಾಗುವುದಿಲ್ಲ.

"ನಾನು ಕಣೇ" ಎಂದ.

"ಅಯ್ಯೋ! ಎಲ್ಲಿ ಹಾಳಾಗಿ ಹೋಗಿದ್ರಿ? ಒಂದು ಫೋನ್ ಮಾಡಕ್ಕಾಗಲ್ವಾ?"

ಬೈಗುಳ ಅಷ್ಟು ಹಿತವಾಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಮಾತಾಡಿದ್ದೂ ಮಾತಾಡಿದ್ದೇ. ಕೊನೆಗೆ ದನಿ ತಗ್ಗಿಸಿ, "ರೀ, ಮನೇಲಿ ಯಾರೋ ಒಬ್ಬರು ಬಂದು ಉಳ್ಕೊಂಡಿದಾರೆ. ಪಾಪದೋರು. ಅಡುಗೆ ಅವರೇ ಮಾಡ್ತಾರೆ. ಉಪ್ಪೊಂದು ಗೊತ್ತಾಗಲ್ಲ" ಎಂದಳು. ಅವನು ರಿಸೀವರಿನ ಬಾಯಿ ಮುಚ್ಚಿ ಅತ್ತ.

ಅಲ್ಲಿಂದಾಚೆ ದಿನವೂ ಗಂಟೆ ಬಡಿಯಿತು. ಅವಳು ತಲೆ ಬಾಚಿಕೊಂಡು ಕಾಯತೊಡಗಿದಳು, ತುತ್ತು ಸರಿಯಾಗಿ ಇಳಿಯತೊಡಗಿತು. "ಇಷ್ಟಾದ್ರೂ ಸಿಕ್ತಲ್ಲಪ್ಪ. ಸಾಕು ಅನ್ಕೋ" ಎಂದಳು ಮಗಳು. ಸಾಕು ಅನ್ನಿಸಲಿಲ್ಲ. ಫೋನಿಟ್ಟು ಹಜಾರಕ್ಕೆ ಬಂದರೆ ಅವಳು ಮತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ತನ್ನ ಮುಖ ನೋಡಿ 'ರೀ' ಎಂದರೆ ಸಾಕು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಇಲ್ಲಿ ಅವನು ಒಂದು ತಪ್ಪು ಮಾಡಿದ. ಲೈನ್‌ಮನ್ನನಲ್ಲದೆ ಬೇರೆ ಯಾರೂ ಮಾಡುವ ತಪ್ಪಲ್ಲ. ಲೈನು ಕೆಟ್ಟರೆ ಲೈನ್‌ಮನ್ನರು ಸರಿಯಿರುವ ಜಾಗದಿಂದ ಶುರುಮಾಡಿ, ಕಂಬದಿಂದ ಕಂಬಕ್ಕೆ ಪರೀಕ್ಷೆ ಮಾಡುತ್ತ ಬರುತ್ತಾರೆ. ಎಲ್ಲಿ ದನಿ ನಿಲ್ಲುತ್ತದೋ ಅಲ್ಲಿದೆ ಕೇಡು. ಒಳಕೋಣೆಯವರೆಗೆ ಗಂಡ ಸರಿಯಾಗಿದ್ದಾನೆ. ಹಾಗಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ ಬಂದರಾಯಿತು, ದನಿಯೂ ಮುಖವೂ ಎಲ್ಲೋ ಒಂದು ಕಡೆ ಕೂಡಲೇಬೇಕು ಎಂದು ಲೆಕ್ಕ ಹಾಕಿದ. ಹೆಂಡತಿಯ ಮರೆವನ್ನೂ ಹರಿದ ತಂತಿಯೆಂದೇ ತಿಳಿದ, ಪಾಪ.

ಒಂದು ದಿನ ಬಾಗಿಲು ತೆರೆದಿಟ್ಟು ಮಾತಾಡಿದ. ಅವಳು ಗಮನಿಸಲಿಲ್ಲ. ಮರುದಿನ ಫೋನನ್ನು ಅಡುಗೆಮನೆಗೆ ತಂದ, ಆಮೇಲೆ ಹಜಾರದ ಹೊಸ್ತಿಲಿಗೆ. ದನಿ ಎಲ್ಲಿಯೂ ನಿಲ್ಲಲಿಲ್ಲ. ಅವನಿಗೆ ಆಸೆ ಚಿಗುರಿತು. ಒಂದು ಮಧ್ಯಾಹ್ನ ಗಡ್ಡ ಹೆರೆದು, ಒಗೆದ ಅಂಗಿ ತೊಟ್ಟು, ಅವಳೆದುರಿನ ಕುರ್ಚಿಯಲ್ಲೇ ಕೂತು ಗುಂಡಿ ಒತ್ತಿದ.

"ನಾನು ಕಣೇ."

"ಹೇಳಿ" ಎಂದಳು. ಆಮೇಲೆ ಅವನನ್ನೇ ನೋಡುತ್ತ, ಫೋನಿನೊಳಕ್ಕೆ ನಕ್ಕಳು. "ರೀ, ಒಂದು ತಮಾಷೆ ಗೊತ್ತಾ? ನೀವು ಮಾತಾಡಿದಾಗೆಲ್ಲ ಇವರೂ ಬಾಯಿ ಆಡಿಸ್ತಾರೆ."

"ಅದು ನಾನೇ ಕಣೇ. ಸರಿಯಾಗಿ ನೋಡು."

ಅವಳು ನೋಡಿದಳು. ಅವನ ಹಣೆ, ಮೂಗು, ಗಲ್ಲ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ಅವಳ ಕಣ್ಣಲ್ಲಿ ಕನಿಕರ ಮೂಡಿತು. ರಿಸೀವರನ್ನು ಕಿವಿಯಿಂದ ತೆಗೆದಳು.

"ಯಾಕೆ ಅಳ್ತೀರಿ? ಮನೆ ನೆನಪಾಯ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಮೊದ್ಲೇ ಹೇಳೋದಲ್ವಾ! ಸಂಕೋಚ ಯಾಕೆ? ತಗೊಳ್ಳಿ, ನಿಮ್ಮ ಮನೆಯವರ ಹತ್ರ ಒಂದು ಮಾತಾಡಿ" ಎಂದು ತನ್ನ ರಿಸೀವರನ್ನು ಅವನ ಕೈಗೆ ಕೊಟ್ಟಳು.

ಒಂದು ಕಿವಿಗೆ ಅವನದು, ಇನ್ನೊಂದು ಕಿವಿಗೆ ಅವಳದು. ಲೈನು ಚೆನ್ನಾಗಿತ್ತು. ಎರಡೂ ಕಡೆಯಿಂದ ಅವನಿಗೆ ಅವನ ಉಸಿರೇ ಕೇಳಿಸುತ್ತಿತ್ತು.

"ಸಿಕ್ಕಿದ್ರಾ?" ಅವಳು ಕೇಳಿದಳು.

"ಸಿಕ್ಕಿದ್ರು."

"ಏನಂದ್ರು?"

"ಕಾಯ್ತಿದೀನಿ ಅಂದ್ರು."

ಅವಳು ನಿಟ್ಟುಸಿರು ಬಿಟ್ಟು ಅವನ ಮೊಣಕೈ ಮುಟ್ಟಿದಳು. "ಹೊರಟುಬಿಡಿ, ತಡ ಮಾಡ್ಬೇಡಿ. ಕಾದೂ ಕಾದೂ ಕೊನೆಗೆ ಮುಖಾನೇ ಮರೆತುಹೋಗತ್ತೆ."