ಊಟ ಆಯ್ತಾ ಎಂದವರು

ಕೆಲಸ ಹೋದ ಆ ಚಳಿಗಾಲದಲ್ಲಿ ಬ್ರಿಡ್ಜ್‌ವಾಟರಿನಿಂದ ರೈಲು ಹಿಡಿದು ಮ್ಯಾನ್‌ಹಟನ್‌ಗೆ ಎಷ್ಟು ಸಲ ಹೋದೆನೋ, ಸರಿಯಾಗಿ ನೆನಪಿಲ್ಲ. ನೆನಪಿರುವುದು ಅನ್ನದ ಮುದ್ದೆ. ಅಲ್ಲಿ ಇಳಿಯುವ ಸ್ಟೇಷನ್ನಿನ ಹತ್ತಿರ ಜಪಾನಿನವರ ಪುಟ್ಟ ಅಂಗಡಿಯೊಂದಿತ್ತು. ತ್ರಿಕೋನಾಕಾರದ ಅನ್ನದ ಮುದ್ದೆಗೆ ಕಡಲ ಪಾಚಿಯ ಹಾಳೆ ಸುತ್ತಿ ಮಾರುತ್ತಿದ್ದರು. ಓನಿಗಿರಿ. ಅಷ್ಟು ಅಗ್ಗದ ಅನ್ನ ಆ ಊರಲ್ಲಿ ನನಗೆ ಬೇರೆಲ್ಲೂ ಸಿಗಲಿಲ್ಲ. ಸಸ್ಯಾಹಾರಿಯಾದ ನನಗೆ ಆಗುತ್ತಿದ್ದದ್ದು ಒಂದೇ, ನಡುವೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ಇಟ್ಟದ್ದು. ಮೊದಲ ಸಲ ಪ್ಲಾಸ್ಟಿಕ್ಕನ್ನು ಅಡ್ಡಾದಿಡ್ಡಿ ಹರಿದು, ಪಾಚಿ ಹೊದಿಕೆಯಲ್ಲೇ ಉಳಿದು, ಬರೀ ಅನ್ನ ಕೈಗೆ ಬಂದಿತ್ತು. ಕಿಟಕಿಯ ಪಕ್ಕ ನಿಂತು ಅದನ್ನೇ ತಿಂದಿದ್ದೆ.

ನನ್ನನ್ನು ಹೀಗೆ ಅಲೆಸುತ್ತಿದ್ದವರು ದೇವಸ್ಥಾನದಲ್ಲಿ ಪರಿಚಯವಾದ ಒಬ್ಬ ಅಂಕಲ್. ಸಾಫ್ಟ್‌ವೇರಿನವರನ್ನು ಬೇರೆ ಕಂಪನಿಗಳಿಗೆ ಕಾಂಟ್ರ್ಯಾಕ್ಟಿನ ಮೇಲೆ ಕಳಿಸುವ ವ್ಯಾಪಾರ ಅವರದು, ಆಫೀಸು ಮ್ಯಾನ್‌ಹಟನ್‌ನಲ್ಲಿ. ಕೆಲಸ ಹೋದ ಅರವತ್ತು ದಿನದೊಳಗೆ ಅವರು ನನ್ನ ವೀಸಾಕ್ಕೆ ಅರ್ಜಿ ಹಾಕಿದರೆ ಉಳಿಯಬಹುದು, ಇಲ್ಲವಾದರೆ ದೇಶ ಬಿಡಬೇಕು. ಅದು ಅವರಿಗೂ ಗೊತ್ತಿತ್ತು.

"ಪೇಪರ್ಸ್ ಎಲ್ಲಾ ರೆಡಿ ಇದೆ, ನೆಕ್ಸ್ಟ್ ವೀಕ್ ಫೈಲ್ ಮಾಡಿಬಿಡೋಣ," ಎನ್ನುತ್ತಿದ್ದರು ಫೋನಿನಲ್ಲಿ. ನಾನು ಮುಂದಿನದನ್ನು ಕೇಳುವಷ್ಟರಲ್ಲಿ, "ಊಟ ಆಯ್ತಾ?"

"ಆಯ್ತು ಅಂಕಲ್."

ನಮ್ಮಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಹಸಿದಿದ್ದರೂ ಆಯ್ತು ಎನ್ನಬೇಕು. ಅಂದ ಮೇಲೆ ಮಾತು ಮುಗಿದ ಹಾಗೆ. ಅವರು ಅದನ್ನು ಬಾಗಿಲು ಮುಚ್ಚಲು ಬಳಸುತ್ತಿದ್ದರು, ಚಿಲಕ ಹಾಕುತ್ತಿದ್ದವಳು ನಾನು.

ಒಂದು ದಿನ ಬರಹೇಳಿ, ಆಫೀಸಿನಲ್ಲಿ ಇಲ್ಲವೆಂದು ಹೇಳಿಸಿದರು. ನಾನು ಆ ಅಂಗಡಿಗೆ ಬಂದು ಓನಿಗಿರಿ ತಿನ್ನುತ್ತಾ ನಿಂತಿದ್ದೆ. ಅವರೇ ಒಳಗೆ ಬಂದರು, ಕಾಫಿಗೆ.

"ಅರೆ, ಇಲ್ಲೇನಮ್ಮಾ? ಊಟ ಆಯ್ತಾ?"

"ಆಗಿಲ್ಲ."

ನಕ್ಕರು. "ಮತ್ತೆ ಕೈಯಲ್ಲಿರೋದೇನು?"

"ಆಗಿಲ್ಲ ಅಂಕಲ್. ಫೈಲ್ ಮಾಡಿದೀರಾ?"

ಕೌಂಟರಿಗೆ ಹೋಗಿ ಎರಡು ಓನಿಗಿರಿ ಕೊಂಡು ತಂದು ನನ್ನ ಕೈಗಿಟ್ಟರು. "ಮೊದ್ಲು ಹೊಟ್ಟೆಗೆ ಹಾಕ್ಕೊ. ಹಸಿವಾದ್ರೆ ಸಿಟ್ಟು ಬರತ್ತೆ, ನಿಮ್ಮ ಆಂಟಿನೂ ಹೀಗೇ." ಹೊರಟೇಬಿಟ್ಟರು.

ಎರಡೂ ಮೀನಿನವು. ನಾನು ಮೀನು ತಿನ್ನುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಪ್ಲಾಸ್ಟಿಕ್ಕಿನ ಮೇಲಿನ ಚೀಟಿ ಓದಿರಲಿಕ್ಕಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಸಿಟ್ಟು ಇಳಿದಿಲ್ಲ.

ಬೀದಿಗೆ ಓಡಿ ಅಡ್ಡ ನಿಂತೆ. "ತಗೊಳ್ಳಿ, ನಾನು ಮೀನು ತಿನ್ನಲ್ಲ. ಫೈಲ್ ಮಾಡಿದೀರಾ, ಇಲ್ವಾ?"

"ರೋಡಲ್ಲಿ ಕೂಗ್ಬೇಡಮ್ಮಾ."

"ಮಾಡಿದೀರಾ?"

"ಪ್ರಾಜೆಕ್ಟ್ ಬಂದ್ರೆ ತಾನೇ ಮಾಡೋದು? ಮಾರ್ಕೆಟ್ ಹೇಗಿದೆ, ನೀನೇ ನೋಡ್ತಿದೀಯಲ್ಲ."

ಮಾಡಿರಲೇ ಇಲ್ಲ. ಮೊದಲ ದಿನವೇ ಹೇಳಿದ್ದರೆ ಬೇರೆ ನಾಲ್ಕು ಕಡೆ ಬಾಗಿಲು ತಟ್ಟುತ್ತಿದ್ದೆ. ಈಗ ಹೊತ್ತು ಮೀರಿತ್ತು.

ನಾನು ನಿಜಕ್ಕೂ ಕೂಗಿದೆನೇ? ನನ್ನ ನೆನಪಿನಲ್ಲಿ ದನಿ ತಣ್ಣಗಿದೆ. ಅದು ಆಮೇಲೆ ನಾನೇ ತಿದ್ದಿಕೊಂಡದ್ದೂ ಇರಬಹುದು. ಆದರೆ 'ಆಗಿಲ್ಲ' ಎಂದದ್ದು ಖಂಡಿತ. ಆ ಸಂಜೆಯೇ ಬೆಂಗಳೂರಿಗೆ ಟಿಕೆಟ್ ತೆಗೆದೆ.

ಹೊರಡುವ ಹಿಂದಿನ ದಿನ ಅವರ ಫೋನ್ ಬಂತು. ಎತ್ತಲಿಲ್ಲ. ಬಿಟ್ಟ ವಾಯ್ಸ್ ಮೆಸೇಜಿನಲ್ಲಿ ಅದೇ ಅಕ್ಕರೆಯ ದನಿ: "ಹೋಗೋಕ್ ಮುಂಚೆ ಮನೆಗೆ ಊಟಕ್ಕೆ ಬಾಮ್ಮ. ಆಂಟಿ ಬಿಸಿಬೇಳೆಬಾತ್..."

ಪೂರ್ತಿ ಕೇಳದೆ ಅಳಿಸಿದೆ.